ಮೂರು ಸಲ ಹೊಡೆದ ಲೈಟು

ನಾಲ್ಕೂವರೆಗೆ ಪಾಠ ಮುಗಿಯಬೇಕು, ಐದಕ್ಕೆ ಟೈಲರಮ್ಮನ ಮನೆ ಬಾಗಿಲಲ್ಲಿ ಗಾಡಿ ನಿಂತಿರಬೇಕು. ಬೆಳಿಗ್ಗೆಯಿಂದ ಅವನ ತಲೆಯಲ್ಲಿ ಇದೊಂದೇ ಕೊರೆಯುತ್ತಿತ್ತು. ಇಪ್ಪತ್ತಮೂರು ದಿನ ಅವಳ ಕಣ್ಣಿಗೆ ಬೀಳದೆ ಕಳೆದಿದ್ದ. 'ಹೋಗಿ ಒಂದು ಮಾತು ವಿಚಾರಿಸಿಕೊಂಡು ಬರೋಕೆ ನಿಮಗೇನು ಧಾಡಿ?' ಎಂದು ಹೆಂಡತಿ ಕೇಳಿದಾಗಲೆಲ್ಲ, ಹೊಸ ಬ್ಯಾಚು, ಪುರುಸೊತ್ತಿಲ್ಲ ಎಂದಿದ್ದ. ಹೊಸ ಬ್ಯಾಚು ಅಂದರೆ ಒಬ್ಬರೇ, ರಿಟೈರಾದ ಒಬ್ಬ ಹೆಡ್ ಕ್ಲಾರ್ಕು. ಅವನ ಡ್ರೈವಿಂಗ್ ಸ್ಕೂಲೆಂದರೂ ಅಷ್ಟೇ, ಒಂದು ಕೋಣೆ, ಒಂದು ಬಿಳಿ ಕಾರು, ಒಂದು ಹಳೇ ಸ್ಕೂಟರು, ಜೊತೆಗೆ 'ಮೇಷ್ಟ್ರು' ಎಂಬ ಹೆಸರು. ನಿನ್ನೆ ಟೈಲರಮ್ಮನೇ ಫೋನು ಮಾಡಿದ್ದಳು. 'ಮೇಷ್ಟ್ರೇ, ನಾಳೆ ಐದೂವರೆಗೆ ಸ್ಟೇಷನ್ನಿಗೆ ಬಂದು ಹೇಳಿಕೆ ಕೊಡಬೇಕಂತೆ. ನೀವೇ ಕರ್ಕೊಂಡು ಹೋಗ್ತೀರಾ? ಬೇರೆಯವರ ಗಾಡಿ ಹತ್ತಬೇಕು ಅಂದ್ರೆ ಎದೆ ಡವಡವ ಅನ್ನುತ್ತೆ.' ಅವನು ಹೂಂ ಎಂದಿದ್ದ. ಫೋನಿಟ್ಟ ಮೇಲೆ ಬಹಳ ಹೊತ್ತು ತನ್ನ ಬಾಯಿಯ ಮೇಲೆ ತನಗೇ ಹೇಸಿಗೆಯಾಗಿ, ಹೋಗಿ ಮುಖ ತೊಳೆದುಕೊಂಡು ಬಂದಿದ್ದ.

ಪಕ್ಕದ ಸೀಟಿನಲ್ಲಿ ಅವನು, ಸ್ಟಿಯರಿಂಗಿನ ಹಿಂದೆ ಹೆಡ್ ಕ್ಲಾರ್ಕು. ಅರವತ್ತೊಂದರ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ತೊಡೆಯ ಮೇಲೆ ನೋಟ್‌ಬುಕ್ಕು. ಕ್ಲಚ್ಚು, ಬ್ರೇಕು, ಗೇರು ಎಲ್ಲವಕ್ಕೂ ಒಂದೊಂದು ಪುಟ ಕೊಟ್ಟು ಕೆಳಗೆ ಗೆರೆ ಎಳೆದಿದ್ದರು. ಇವತ್ತು ಲೈಟಿನ ಪುಟ. ಗಾಡಿ ಮೈದಾನದ ಗೋಡೆಗೆ ಮುಖ ಮಾಡಿ ನಿಂತಿತ್ತು. ಆಕಾಶ ಬೂದಿ ಬಣ್ಣಕ್ಕೆ ತಿರುಗಿ, ಇನ್ನೂ ಹಗಲೇ ಇದ್ದರೂ ಗೋಡೆಯ ಇಟ್ಟಿಗೆಗಳು ಒಂದರೊಳಗೊಂದು ಕಲಸಿಹೋದಂತೆ ಕಾಣುತ್ತಿದ್ದವು.

'ಇಷ್ಟು ಮಬ್ಬಿಗೂ ಲೈಟ್ ಹಾಕ್ಬೇಕಾ ಮೇಷ್ಟ್ರೇ? ನನಗೆ ಎಲ್ಲಾ ಕಾಣಿಸ್ತಾ ಇದೆಯಲ್ಲ.'

'ನಿಮಗೆ ಕಾಣಿಸ್ಲಿ ಅಂತಲ್ಲ ಸಾರ್. ನೀವು ಕಾಣಿಸ್ಬೇಕಲ್ಲ, ಅದಕ್ಕೆ.'

'ಆಹಾ. ಇದು ಬರ್ಕೊಳ್ಳೋ ಮಾತು.' ಹೆಡ್ ಕ್ಲಾರ್ಕು ಬರೆದುಕೊಂಡರು. ಹತ್ತೊಂಬತ್ತು ವರ್ಷದಿಂದ ಇದೇ ಮಾತನ್ನು ಹೇಳುತ್ತ ಬಂದಿದ್ದ. ಹೇಳಿದಾಗಲೆಲ್ಲ ಕಲಿಯುವವರು ಕತ್ತೆತ್ತಿ ನೋಡುತ್ತಿದ್ದರು, ಅವನಿಗೂ ಒಳಗೊಳಗೇ ಖುಷಿಯಾಗುತ್ತಿತ್ತು. ಇವತ್ತು ಆ ಮಾತು ಬಾಯಿಂದ ಹೊರಬಿದ್ದ ಕೂಡಲೇ ನಾಲಿಗೆಯ ಮೇಲೆ ಹಳಸಿದ ಅನ್ನದ ವಾಸನೆ ಬಂದಂತಾಯಿತು. ಅಷ್ಟರಲ್ಲಿ ಹೆಡ್ ಕ್ಲಾರ್ಕು ಸ್ಟಿಯರಿಂಗಿನ ಪಕ್ಕದ ಕಡ್ಡಿಯನ್ನು ತಮ್ಮ ಕಡೆಗೆ ಎಳೆದರು. ಗೋಡೆಯ ಮೇಲೆ ಫಕ್ಕನೆ ಬೆಳಕು ಬಿದ್ದು ಹೋಯಿತು. ಮತ್ತೆ ಎಳೆದರು, ಮತ್ತೆ ಬಿತ್ತು.

'ಮೇಷ್ಟ್ರೇ, ಲೈಟು ಆಫಲ್ಲಿದೆ ಅಂದ್ರಲ್ಲ?'

'ಆಫಲ್ಲೇ ಇದೆ.'

'ಮತ್ತೆ ಈ ಕಡ್ಡಿ ಎಳೆದ್ರೆ ಬರುತ್ತಲ್ಲ.'

'ಬರುತ್ತೆ.'

'ಆಫಲ್ಲಿದ್ರೂ?'

'ಬರುತ್ತೆ ಅಂದ್ನಲ್ಲ ಸಾರ್. ಎಳೆದ್ರೆ ಬರುತ್ತೆ, ಬಿಟ್ಟರೆ ಹೋಗುತ್ತೆ.'

'ನೋಡಿ, ಇಷ್ಟು ವಯಸ್ಸಾದ್ರೂ ಇದು ನನಗೆ ಗೊತ್ತೇ ಇರಲಿಲ್ಲ. ಗಾಡಿ ಓಡಿಸದ ಯಾರಿಗೂ ಗೊತ್ತಿರಲ್ಲ ಬಿಡಿ.' ಪೆನ್ನಿನ ತುದಿ ಕಚ್ಚಿಕೊಂಡು ಯೋಚಿಸಿದರು. 'ಎದುರಿನವನು ಹೀಗೆ ಹೊಡೆದ ಅಂತಿಟ್ಕೊಳ್ಳಿ. ಏನು ಅರ್ಥ? ನೀನು ಬಾ ಅಂತಲೋ, ನಾನು ಬಂದೆ ಅಂತಲೋ?'

'ಅದೆಲ್ಲ ಎಲ್ಲಿ ಬರೀತಾರೆ? ಎದುರಿನವನ ಮುಖ ನೋಡ್ಬೇಕು, ರಸ್ತೆ ನೋಡ್ಬೇಕು.'

'ಅಲ್ಲ, ಒಂದು ಅಂತ ಹೇಳಿ. ಪುಟದಲ್ಲಿ ಜಾಗ ಬಿಟ್ಟಿದ್ದೀನಿ.'

'ನೋಟ್‌ಬುಕ್ಕು ನೋಡ್ಕೊಂಡು ಗಾಡಿ ಓಡಿಸ್ತೀರೇನ್ರೀ ನೀವು? ಆಫೀಸಲ್ಲಿ ಫೈಲು ಉರುಳಿಸಿದ ಹಾಗಲ್ಲ ಇದು. ಮುಚ್ಚಿಡಿ ಅದನ್ನ.'

ದನಿ ಗಾಜಿಗೆ ಬಡಿದು ವಾಪಸು ಬಂತು. ಹೆಡ್ ಕ್ಲಾರ್ಕು ಪೆನ್ನಿಗೆ ಕ್ಯಾಪು ಹಾಕಿ, ಜೇಬಿಗೆ ಸಿಕ್ಕಿಸಿ, ನೋಟ್‌ಬುಕ್ಕನ್ನು ಮಡಿಲಿನಿಂದೆತ್ತಿ ಹಿಂದಿನ ಸೀಟಿನ ಮೇಲೆ ಮೆಲ್ಲಗಿಟ್ಟರು. ಮನೆಯಲ್ಲೂ ಯಾರೋ ಹೀಗೇ ಅಂದಿರಬೇಕು, ಇವರಿಗೆ ಅಭ್ಯಾಸವಿದೆ ಎನಿಸಿ ಅವನಿಗೆ ಇನ್ನಷ್ಟು ನಾಚಿಕೆಯಾಯಿತು. 'ತಪ್ಪು ತಿಳ್ಕೋಬೇಡಿ ಸಾರ್' ಎನ್ನಬೇಕೆಂದುಕೊಂಡ. ಅಂದದ್ದು, 'ನಾಳೆ ನಾಲ್ಕಕ್ಕೆ ಬನ್ನಿ' ಎಂದು.

ಆ ಪುಟದ ಖಾಲಿ ಜಾಗವನ್ನು ಒಬ್ಬಳಿಗೆ ಅವನು ತುಂಬಿಕೊಟ್ಟಿದ್ದ. ನಲವತ್ತನಾಲ್ಕರ ಹೆಂಗಸು, ಶಾಲೆಗಳಿಗೆ ಯೂನಿಫಾರಂ ಹೊಲಿದುಕೊಡುವವಳು. ಗಂಟು ಸಾಗಿಸಲು ಸ್ಕೂಟರು ಬೇಕೆಂದು ಕಲಿಯಲು ಬಂದಿದ್ದಳು. ಬ್ಯಾಲೆನ್ಸು ಬೇಗ ಬಂತು, ಧೈರ್ಯ ಬರಲಿಲ್ಲ. ಅಡ್ಡರಸ್ತೆಯಿಂದ ದೊಡ್ಡ ರಸ್ತೆಗೆ ಸೇರುವಲ್ಲಿ ಎರಡೂ ಕಾಲು ನೆಲಕ್ಕೂರಿ, ಇಡೀ ರಸ್ತೆ ಖಾಲಿಯಾಗುವವರೆಗೂ ಗೂಟ ಹೊಡೆದಂತೆ ನಿಂತುಬಿಡುತ್ತಿದ್ದಳು. ಹಿಂದಿನಿಂದ ಹಾರ್ನು, ಬೈಗುಳ. ಅವಳ ಕಣ್ಣಲ್ಲಿ ನೀರು. 'ನಿಮ್ಮಮ್ಮನ ಮನೆಯಿಂದ ಯಾರಾದ್ರೂ ಬಂದು ಕೈ ಹಿಡ್ಕೊಂಡು ದಾಟಿಸ್ಬೇಕೇನಮ್ಮಾ?' ಎಂದು ಹಿಂದೆ ಕೂತ ಅವನು ರೇಗಿದ್ದ. ಆಮೇಲೆ ಪಾಪ ಅನ್ನಿಸಿ, ಅವಳಿಗೊಂದು ಧೈರ್ಯ ಸಿಗಲೆಂದು, ಯಾವ ಪುಸ್ತಕದಲ್ಲೂ ಇಲ್ಲದ ಮಾತೊಂದನ್ನು ಹೇಳಿಕೊಟ್ಟಿದ್ದ. 'ನೋಡು ಟೈಲರಮ್ಮ, ಎದುರಿನ ಗಾಡಿಯವನು ಲೈಟ್ ಹೊಡೆದ ಅಂದ್ರೆ ದಾರಿ ಬಿಟ್ಟ ಅಂತ ಅರ್ಥ. ಆಗ ಹೆದರಬೇಡ, ಹಿಂದೆಮುಂದೆ ನೋಡಬೇಡ, ಹೋಗಿಬಿಡು.' ಅವಳು ದಾರದ ತುದಿಗೆ ಗಂಟು ಹಾಕಿದ ಹಾಗೆ ಆ ಮಾತನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು. ಪರೀಕ್ಷೆ ಪಾಸಾದ ದಿನ ಎರಡು ದಿಂಬಿನ ಚೀಲ ಹೊಲಿದು ತಂದುಕೊಟ್ಟಿದ್ದಳು. ಅದರ ಮೇಲೆಯೇ ಈಗಲೂ ಅವನು ದಿನಾ ತಲೆಯಿಟ್ಟು ಮಲಗುತ್ತಾನೆ.

ಹೆಡ್ ಕ್ಲಾರ್ಕು ನೋಟ್‌ಬುಕ್ಕು ಎತ್ತಿಕೊಂಡು ಇಳಿದುಹೋದ ಮೇಲೆ, ಗಾಡಿಯನ್ನು ರಸ್ತೆಗಿಳಿಸಿ ಮೊದಲು ಲೈಟು ಹಾಕಿದ. ಈ ಇಪ್ಪತ್ತಮೂರು ದಿನದಿಂದ ಸುಡುಬಿಸಿಲಲ್ಲೂ ಅವನ ಗಾಡಿಗೆ ಲೈಟು. ಎದುರು ಬರುವವರು ಸುಮ್ಮನಿರುವುದಿಲ್ಲ, ಐದೂ ಬೆರಳು ಮುಚ್ಚಿ ಬಿಚ್ಚಿ, ಮುಚ್ಚಿ ಬಿಚ್ಚಿ, 'ಲೈಟು ಉರೀತಿದೆ' ಎಂದು ಸನ್ನೆ ಮಾಡುತ್ತಾರೆ. ಪ್ರತಿ ಕೈಯೂ ತನ್ನ ಮುಖದ ಹತ್ತಿರ ಬಂದು ಏನನ್ನೋ ಬೊಟ್ಟು ಮಾಡಿದಂತಾಗುತ್ತದೆ ಅವನಿಗೆ. ಇಪ್ಪತ್ತಮೂರು ದಿನದ ಹಿಂದೆ, ಆವತ್ತು ಬೆಳಿಗ್ಗೆ, ಮಂಜು ಹಿಟ್ಟು ಚೆಲ್ಲಿದ ಹಾಗೆ ಸುರಿದಿತ್ತು. ತಿಂಡಿಗೆ ಕೂತಾಗ ಹೆಂಡತಿಯ ತಮ್ಮ, 'ಏನ್ ಭಾವ, ಪೇಪರನ್ನ ಮಾರು ದೂರ ಹಿಡ್ಕೊಂಡು ಓದ್ತೀರಿ, ಕಣ್ಣಿಗೆ ವಯಸ್ಸಾಯ್ತು. ನಿಮ್ಮ ಹತ್ರ ಕಲಿಯೋರನ್ನ ದೇವರೇ ಕಾಪಾಡ್ಬೇಕು' ಎಂದು ನಕ್ಕಿದ್ದ. ಹೆಂಡತಿಯೂ ನಕ್ಕಿದ್ದಳು. ಅಷ್ಟೇ. ಇಷ್ಟು ಸಣ್ಣ ಮಾತು. ತಟ್ಟೆ ಬಿಟ್ಟು ಎದ್ದು, ಬಾಗಿಲು ಧಡಾರನೆ ಹಾಕಿ, ಗಾಡಿ ಹತ್ತಿ, ಹಲ್ಲು ಕಚ್ಚಿಕೊಂಡು ಓಡಿಸಿದ್ದ. ಭಾವಮೈದನಿಗೆ ಕೊಡಬೇಕಾಗಿದ್ದ ಉತ್ತರಗಳು ಒಂದರ ಹಿಂದೊಂದು ಸಾಲುಗಟ್ಟಿ ಬರುತ್ತಿದ್ದವು, ಎಲ್ಲವೂ ಚೂಪು, ಎಲ್ಲವೂ ತಡವಾಗಿ ಹೊಳೆದವು. ಲೈಟು ಹಾಕುವುದು ಆ ಸಾಲಿನಲ್ಲಿ ಎಲ್ಲೂ ಇರಲಿಲ್ಲ. ಬಿಳಿ ಮಂಜಿನಲ್ಲಿ ಬಿಳಿ ಕಾರು. ಅಡ್ಡರಸ್ತೆಯಿಂದ ಒಂದು ಸ್ಕೂಟರು ಹೊರಬಂದು ರಸ್ತೆಯ ನಡುವಿನತನಕ ಬಂದು ತಟ್ಟನೆ ನಿಂತಾಗ ಅವನ ಮೈಯೆಲ್ಲ ಹೊತ್ತಿಕೊಂಡಿತು. ಕಡ್ಡಿ ಎಳೆದ. ಒಂದು, ಎರಡು, ಮೂರು. ನಿಲ್ಲು ಅಲ್ಲೇ ಎಂದು. ಸ್ಕೂಟರಿನ ಮೇಲಿದ್ದ ಟೈಲರಮ್ಮನಿಗೆ ಕಂಡದ್ದು ಮಂಜಿನೊಳಗಿಂದ ಎದ್ದುಬಂದ ಬೆಳಕು, ಅದರ ನೆತ್ತಿಯ ಮೇಲೆ ತನ್ನ ಮೇಷ್ಟ್ರ ಸ್ಕೂಲಿನ ಬೋರ್ಡು. ಅವಳು ತಲೆಬಾಗಿಸಿ ಒಂದು ನಮಸ್ಕಾರದ ಹಾಗೆ ಮಾಡಿ ಸ್ಕೂಟರು ಮುಂದೆ ಬಿಟ್ಟಳು. ಅವನು ಬ್ರೇಕು ತುಳಿದ. ಹಿಂದಿದ್ದ ಪಿಕಪ್ಪು ಅವನಿಗೆ ಬಡಿಯುವುದನ್ನು ತಪ್ಪಿಸಲು ಪಕ್ಕಕ್ಕೆ ಕಿತ್ತುಕೊಂಡು ಮುಂದಕ್ಕೆ ಹೋಯಿತು. ಆಮೇಲೆ ಅದು ಸ್ಕೂಟರಿಗೆ ಬಡಿದ ಸದ್ದು.

ಎತ್ತುವಾಗಲೂ ಅವಳು ಅಂದದ್ದು, 'ಮೇಷ್ಟ್ರು ದಾರಿ ಬಿಟ್ಟಿದ್ರು, ನಾನೇ ನಿಧಾನ ಮಾಡ್ದೆ' ಎಂದೇ. ಹತ್ತು ಜನ ಕೇಳಿಸಿಕೊಂಡರು. ಸ್ಟೇಷನ್ನಿನಲ್ಲಿ ಬರೆದುಕೊಳ್ಳುವ ಪೊಲೀಸಿನವನು ಮುದ್ದಾದ ಅಕ್ಷರದಲ್ಲಿ, 'ಮುಂದಿನ ಕಾರಿನ ಚಾಲಕರು ಸೌಜನ್ಯದಿಂದ ದೀಪ ಮಿನುಗಿಸಿ ದಾರಿ ಬಿಟ್ಟಿದ್ದು' ಎಂದು ಬರೆದು ಓದಿ ಹೇಳಿದ. ಪಿಕಪ್ಪಿನವನು ಬಾಗಿಲ ಹತ್ತಿರ ನಿಂತಿದ್ದ. ಗಡ್ಡ, ಮೊಣಕೈಯಲ್ಲಿ ತರಚಿದ ಗಾಯ. 'ಸೌಜನ್ಯ ಅಲ್ಲ ಸಾರ್. ಮೂರು ಸಲ ಹೊಡೆದ್ರು. ದಾರಿ ಬಿಡೋರು ಹಾಗೆ ಹೊಡೆಯಲ್ಲ.'

'ಲೈಟಿಗೂ ದನಿ ಇರುತ್ತೇನಯ್ಯಾ?' ಎಂದ ಬರೆಯುವವನು.

'ಇರುತ್ತೆ ಸಾರ್. ಓಡಿಸೋರಿಗೆ ಕೇಳುತ್ತೆ.' ಅಲ್ಲಿದ್ದವರೆಲ್ಲ ನಕ್ಕರು. ಪಿಕಪ್ಪಿನವನು ನಗಲಿಲ್ಲ. 'ಇನ್ನೊಂದು ಸಾರ್. ಇವರ ಗಾಡಿಗೆ ಲೈಟೇ ಇರಲಿಲ್ಲ. ಹಿಂದಿನ ಕೆಂಪು ಲೈಟೂ ಇಲ್ಲ. ಮಂಜಲ್ಲಿ ಮೂರು ಸಲ ಬೆಳಕು ಹೊಳೆದಾಗ ಎದುರಿಂದ ಅಂದ್ಕೊಂಡೆ, ಬ್ರೇಕ್ ಹಾಕಿದ ಮೇಲೇನೇ ನನಗೆ ಮುಂದೆ ಒಂದು ಗಾಡಿ ಇದೆ ಅಂತ ಕಂಡಿದ್ದು. ನನ್ನದು ಉರೀತಿತ್ತು.'

ಬರೆಯುವವನು ತಲೆಯೆತ್ತಿ, 'ಹೌದಾ ಮೇಷ್ಟ್ರೇ?' ಎಂದ. ಮರ್ಯಾದೆಯಿಂದಲೇ ಕೇಳಿದ, ಅವನ ಮಗಳು ಕಲಿತದ್ದೂ ಇದೇ ಸ್ಕೂಲಿನಲ್ಲಿ. ಹೌದು ಎನ್ನಲು ಒಂದು ಉಸಿರಿನಷ್ಟು ಸಮಯವಿತ್ತು. ಆ ಉಸಿರಿನಲ್ಲಿ ಅವನಿಗೆ ಹೊಳೆದದ್ದು, ಇದುವರೆಗೆ ಯಾರ ಬಾಯಿಗೂ ಸಿಕ್ಕದ ಚೂಪು ಉತ್ತರ. 'ನಾನು ಲೈಟ್ ಹೊಡೆದೆ ಅಂತ ಇವನೇ ಹೇಳ್ತಿದ್ದಾನೆ, ಲೈಟೇ ಇರಲಿಲ್ಲ ಅಂತಲೂ ಇವನೇ ಹೇಳ್ತಿದ್ದಾನೆ. ಇಲ್ಲದ ಲೈಟನ್ನ ಹೊಡೆಯೋದು ಹೇಗೆ ಅಂತ ಇವನನ್ನೇ ಕೇಳಿ, ನಾನೂ ಕಲೀತೀನಿ.' ಕೋಣೆಯೆಲ್ಲ ಗೊಳ್ಳೆಂದಿತು. 'ಕಡ್ಡಿ ಎಳೆದ್ರೆ ಬರುತ್ತಲ್ಲ ಸಾರ್, ಆಫಲ್ಲಿದ್ರೂ...' ಎಂದು ಪಿಕಪ್ಪಿನವನು ಎರಡು ಸಲ ಹೇಳಿದ್ದು ಆ ನಗೆಯಲ್ಲಿ ಮುಳುಗಿಹೋಯಿತು. ಮೂರನೆಯ ಸಲ ಹೇಳಲಿಲ್ಲ. ಮೇಷ್ಟ್ರ ಮುಖವನ್ನೇ ನೋಡುತ್ತ ನಿಂತ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಓಡಿಸುವವನೊಬ್ಬ ಇನ್ನೊಬ್ಬ ಓಡಿಸುವವನನ್ನು, ನೀನೂನಾ ಎಂದು ನೋಡುವ ನೋಟ. ಪಿಕಪ್ಪಿನವನ ಲೈಸೆನ್ಸನ್ನು ಪೊಲೀಸರು ಇಟ್ಟುಕೊಂಡರು. ಕಳೆದ ವಾರ ಮಾರ್ಕೆಟ್ಟಿನಲ್ಲಿ ಯಾರದೋ ಲಾರಿಗೆ ಮೂಟೆ ಹೊರುತ್ತಿದ್ದವನು ಅವನೇ. ಮೂಟೆಯ ಕೆಳಗಿಂದ ಗಡ್ಡ ಕಂಡಿತು. ಇವನು ಟೊಮೆಟೊ ಆರಿಸುವವನಂತೆ ಬಗ್ಗಿ, ಬೇಡದ ಟೊಮೆಟೊವನ್ನು ಚೀಲದ ತುಂಬ ತುಂಬಿಕೊಂಡು ಬಂದಿದ್ದ.

ಟೈಲರಮ್ಮನ ಮನೆ ಎರಡು ಕೋಣೆಯದು. ಮುಂದಿನದರಲ್ಲಿ ಮಿಷಿನ್ನು, ಕತ್ತರಿಸಿಟ್ಟ ನೀಲಿ ಬಟ್ಟೆಯ ರಾಶಿ, ಗೋಡೆಯ ಮೊಳೆಗೆ ಕಾಲರುಗಳ ಗೊಂಚಲು. ಅವಳು ಮಿಷಿನ್ನಿನ ಮುಂದೆಯೇ ಕೂತಿದ್ದಳು. ಬ್ಯಾಂಡೇಜು ಸುತ್ತಿದ ಬಲಗಾಲನ್ನು ಪಕ್ಕದ ಸ್ಟೂಲಿನ ಮೇಲೆ ಮರದ ತುಂಡಿನಂತೆ ಚಾಚಿ, ಎಡಗಾಲಿನಿಂದ ತುಳಿಯುತ್ತಿದ್ದಳು. ಮಿಷಿನ್ನು ಎರಡು ಹೆಜ್ಜೆ ಓಡಿ, ಎಡವಿ, ಮತ್ತೆ ಓಡುತ್ತಿತ್ತು. 'ಎಡಗಾಲಿಗೆ ಹೊಸ ಪಾಠ ಮೇಷ್ಟ್ರೇ. ಹೊಲಿಗೆ ಹಾವು ಹರಿದ ಹಾಗೆ ಹೋಗುತ್ತೆ. ಬಿಚ್ಚೋದು, ಹೊಲಿಯೋದು, ಬಿಚ್ಚೋದು.' ನಕ್ಕಳು. ಒಳಗಿನಿಂದ ಅವಳ ಅತ್ತೆ ನೀರು ತಂದುಕೊಟ್ಟು, ನಿಂತು ಅವನನ್ನು ತಲೆಯಿಂದ ಕಾಲಿನತನಕ ನೋಡಿದಳು. 'ಇವರೇನಾ? ನಿಮ್ಮಂಥ ಒಬ್ಬರು ಆ ರಸ್ತೇಲಿ ಇದ್ರಲ್ಲ, ಸಾಕಪ್ಪ. ಆ ಗಡ್ಡದವನ ಕೈ ಸೇದಿಹೋಗ. ಇವತ್ತು ಇವಳು ಹೇಳಿಬಿಟ್ಟರೆ ಅವನು ಇನ್ನು ಜನ್ಮದಲ್ಲಿ ಗಾಡಿ ಮುಟ್ಟಬಾರದು.' ಅವನು ಲೋಟದೊಳಗೆ ನೋಡುತ್ತ, 'ಹೊತ್ತಾಯ್ತು' ಎಂದ.

ಹಿಂದಿನ ಸೀಟಿನ ಉದ್ದಕ್ಕೂ ಕಾಲು ಚಾಚಿ, ಊರುಗೋಲುಗಳನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಳು. ಕನ್ನಡಿಯಲ್ಲಿ ಅವಳ ಅರ್ಧ ಮುಖ ಮಾತ್ರ ಕಾಣುತ್ತಿತ್ತು. ಗಾಡಿ ಹೊರಟಿತು. ಅವಳು ಶಾಲೆಯವರ ಬಗ್ಗೆ, ಗುಂಡಿ ಹೊಲಿಯಲು ಬರುವ ಪಕ್ಕದ ಮನೆಯವಳ ಸೋಮಾರಿತನದ ಬಗ್ಗೆ ಹೇಳುತ್ತಿದ್ದಳು. ಸ್ಟೇಷನ್ನಿಗೆ ಹತ್ತು ನಿಮಿಷದ ದಾರಿ. ಏಳು ನಿಮಿಷ ಅವನು ಹೂಂ ಹೂಂ ಎಂದ. ಕೊನೆಗೆ ಅವಳೇ ಕೇಳಿದಳು.

'ನಾನು ಅಲ್ಲಿ ಏನು ಹೇಳ್ಲಿ ಮೇಷ್ಟ್ರೇ? ನಿಮ್ಮ ಹತ್ರ ಒಂದು ಸಲ ಒಪ್ಪಿಸಿಬಿಡ್ತೀನಿ. ಮೇಷ್ಟ್ರು ಲೈಟ್ ಹೊಡೆದು ದಾರಿ ಬಿಟ್ರು, ನಾನು ಹೋದೆ, ಹಿಂದಿನವನು ನುಗ್ಗಿ ಬಂದು ಹೊಡೆದ. ಅಷ್ಟೇ ಅಲ್ವಾ?'

'ನಾನು ದಾರಿ ಬಿಡ್ಲಿಲ್ಲ.'

'ಅಯ್ಯೋ, ನೀವು ಹಾಗೇ ಅಂತೀರಿ ಅಂತ ನನಗೆ ಗೊತ್ತಿತ್ತು. ನಮ್ಮತ್ತೆ ಹತ್ರಾನೂ ಹೇಳ್ದೆ, ಮೇಷ್ಟ್ರು ಈ ಮೂರು ವಾರ ಮುಖ ತೋರಿಸದೇ ಇರೋದು ಯಾಕೆ ಅಂತೀರಿ, ತಾನು ದಾರಿ ಬಿಟ್ಟಿದ್ದಕ್ಕೇ ಇವಳಿಗೆ ಹೀಗಾಯ್ತು ಅಂತ ಒಳಗೊಳಗೇ ಕೊರಗ್ತಿದ್ದಾರೆ ಅಂತ.'

'ಅದಲ್ಲಮ್ಮ. ನಿಲ್ಲು ಅಂತ ಹೊಡೆದಿದ್ದು ನಾನು.'

'ಇರ್ಲಿ ಬಿಡಿ. ದೊಡ್ಡ ಮನಸ್ಸಿನವರು ತಪ್ಪನ್ನೆಲ್ಲ ತಲೆಮೇಲೆ ಹಾಕ್ಕೋತಾರೆ.'

ಅವನು ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಹೊಗಳಿಕೆ ಅಂಟಿನಂತೆ ಮೈಗೆ ಮೆತ್ತಿಕೊಂಡಿತ್ತು, ಒರೆಸಿದಷ್ಟೂ ಹರಡುತ್ತಿತ್ತು. ನಿಜವನ್ನೇ ಹೇಳಿದರೂ ಇವಳ ಕಿವಿಗೆ ಅದು ದೊಡ್ಡತನವಾಗಿ ಬೀಳುತ್ತದೆ. ಅದನ್ನೂ ನುಂಗಿ ಸುಮ್ಮನೆ ಕೂತರೆ, ಹೇಳಿದೆನಲ್ಲ, ಅವಳೇ ಕೇಳಲಿಲ್ಲ ಎಂಬ ನೆಮ್ಮದಿಯೂ ಪುಕ್ಕಟೆ ಸಿಗುತ್ತದೆ. ಆ ನೆಮ್ಮದಿ ಎಷ್ಟು ಹತ್ತಿರ ಬಂದು ನಿಂತಿತ್ತೆಂದರೆ ಅವನಿಗೆ ಕೆಟ್ಟ ಸಿಟ್ಟು ಬಂತು. ಹಿಂದಕ್ಕೆ ತಿರುಗಿದ.

'ಕೇಳಿಲ್ಲಿ ಟೈಲರಮ್ಮ. ಅಲ್ಲಿರೋದು ನೀನು ಅಂತಲೂ ನನಗೆ ಗೊತ್ತಿರಲಿಲ್ಲ. ಯಾವಳೋ ಒಬ್ಬಳು ಅಡ್ಡ ಬಂದ್ಲು ಅಂದ್ಕೊಂಡೆ. ಮೂರು ಸಲ ಹೊಡೆದೆ. ಹೊಡೀತಾ ಒಂದು ಮಾತು ಅಂದೆ. ಏನಂದೆ ಗೊತ್ತಾ? ಸಾಯೋಕೆ ನನ್ನ ಗಾಡೀನೇ ಬೇಕಿತ್ತಾ ಈ ಮುಂಡೇದಕ್ಕೆ ಅಂದೆ.'

ಹೊರಗೆ ಒಂದು ಬಸ್ಸು ಹಾದುಹೋಯಿತು. ಅವಳ ಮುಖದಿಂದ ನಗು ಒಮ್ಮೆಲೇ ಹೋಗಲಿಲ್ಲ. ಬಿಚ್ಚಿದ ಹೊಲಿಗೆಯ ದಾರದಂತೆ ತುಟಿಯ ಒಂದು ಕೊನೆಯಿಂದ ಮೆಲ್ಲಗೆ ಕಿತ್ತುಬಂತು. ಆ ಮಾತಿನಲ್ಲಿ ದೊಡ್ಡ ಮನಸ್ಸು ಹುಡುಕಲು ಎಲ್ಲೂ ಜಾಗವಿರಲಿಲ್ಲ. ಕೊನೆಗೆ ಅವಳು ತುಂಬ ಸಣ್ಣ ದನಿಯಲ್ಲಿ, ಮೈದಾನದಲ್ಲಿ ಪಾಠ ಕೇಳುತ್ತಿದ್ದ ದನಿಯಲ್ಲಿ ಕೇಳಿದಳು.

'ಹಾಗಾದ್ರೆ ಲೈಟ್ ಹೊಡೆದ್ರೆ ಏನರ್ಥ ಮೇಷ್ಟ್ರೇ?'

'ಏನೂ ಅರ್ಥ ಇಲ್ಲ. ಇಲ್ಲೊಂದು ಗಾಡಿ ಇದೆ ಅಂತ, ಅಷ್ಟೇ.'

'ಅದನ್ನೇ ಹೇಳಿಕೊಡಬಹುದಿತ್ತಲ್ಲ.'

ಅವನು ಮುಂದಕ್ಕೆ ತಿರುಗಿ ಗಾಡಿ ಹೊರಡಿಸಿದ. ಹೇಳಿದ ಮೇಲೆ ಎದೆ ಹಗುರಾಗುತ್ತದೆ ಎಂದು ಎಲ್ಲಿಂದಲೋ ನಂಬಿಕೊಂಡಿದ್ದ. ಹಗುರಾಗಲಿಲ್ಲ. ಬೈದದ್ದನ್ನು ಹೇಳಿದ್ದ, ಲೈಟಿಲ್ಲದ್ದನ್ನು ಹೇಳಿರಲಿಲ್ಲ. ಸಿಟ್ಟು ಬಂದಿತ್ತು ಎಂದು ಒಪ್ಪಿಕೊಳ್ಳುವುದು ಗಂಡಸಿಗೆ ಅಂಥ ಕಷ್ಟದ್ದೇನಲ್ಲ, ಅದರಲ್ಲೊಂದು ಪೊಗರೂ ಇರುತ್ತದೆ. ಹತ್ತೊಂಬತ್ತು ವರ್ಷ ಊರಿಗೆಲ್ಲ ಕಲಿಸಿದ್ದನ್ನು ತಾನೇ ಮಾಡಲಿಲ್ಲ, ಮಾಡಿದವನನ್ನು ನಾಲ್ಕು ಜನರ ಮುಂದೆ ಕೋಡಂಗಿ ಮಾಡಿದೆ ಎನ್ನುವುದಕ್ಕೆ ಬಾಯಿ ತೆರೆಯಲಿಲ್ಲ. ಲೈಟು ಮೊದಲೇ ಉರಿಯುತ್ತಿದ್ದರೆ ಇವಳು ದೂರದಿಂದಲೇ ಕಂಡು, ಎರಡೂ ಕಾಲು ನೆಲಕ್ಕೂರಿ, ಅಡ್ಡರಸ್ತೆಯಲ್ಲೇ ಗೂಟ ಹೊಡೆದಂತೆ ನಿಂತಿರುತ್ತಿದ್ದಳು. ಅವನು ಹಾದುಹೋಗುತ್ತಿದ್ದ. ಅವಳು ನಿಂತಿದ್ದನ್ನೂ ಅವನು ನೋಡುತ್ತಿರಲಿಲ್ಲ.

ಸ್ಟೇಷನ್ನಿನ ಮುಂದೆ ಇಳಿದು ಹಿಂದಿನ ಬಾಗಿಲು ತೆಗೆದು ಕೈ ಚಾಚಿದ. ಅವಳು ಕೈಯನ್ನು ನೋಡಿದಳು.

'ಬೇಡ ಮೇಷ್ಟ್ರೇ. ನೀವು ಮುಂದೆ ನಡೀರಿ. ನನ್ನದು ನಿಧಾನ.'

ಅವನು ಮೆಟ್ಟಿಲು ಹತ್ತಿ ಒಳಗೆ ಹೋದ. ಬರೆಯುವ ಪೊಲೀಸಿನವನು ಫೈಲಿನಿಂದ ತಲೆಯೆತ್ತಿ, 'ಓಹೋ, ಬನ್ನಿ ಬನ್ನಿ ಮೇಷ್ಟ್ರೇ. ಕರ್ಕೊಂಡೂ ಬಂದ್ರಾ? ಕೂತ್ಕೊಳ್ಳಿ' ಎಂದು ಕುರ್ಚಿ ಸರಿಸಿದ. ಅವನು ಕೂರಲಿಲ್ಲ. 'ನಾನು ಕೊಟ್ಟ ಹೇಳಿಕೆ ತಿದ್ದಬೇಕು' ಎಂದ. ಬರೆಯುವವನ ಹುಬ್ಬು ಮೇಲೇರಿತು. 'ಏನು ತಿದ್ದೋದು? ಹೇಳಿ.' ಹೊರಗೆ ಊರುಗೋಲು ಮೊದಲನೆಯ ಮೆಟ್ಟಿಲಿಗೆ ಟಕ್ಕೆಂದಿತು. ಒಂದು ನಿಶ್ಶಬ್ದ, ಆಮೇಲೆ ಕಾಲೆಳೆದ ಸದ್ದು. ಈಗಲೇ ಹೇಳಿಬಿಟ್ಟರೆ ಅವಳು ಬರುವಷ್ಟರಲ್ಲಿ ಮುಗಿದಿರುತ್ತದೆ, ಬರೆದದ್ದು ಕಾಗದದಲ್ಲಿ ಇರುತ್ತದೆ, ಅವಳ ಕಿವಿಗೆ ಬೀಳುವುದಿಲ್ಲ. ಆರು ಮೆಟ್ಟಿಲು. ಎರಡು ವಾಕ್ಯಕ್ಕೆ ಧಾರಾಳ ಸಾಕು. ಆ ಲೆಕ್ಕ ಮನಸ್ಸಿಗೆ ತನ್ನಷ್ಟಕ್ಕೆ ಬಂದದ್ದನ್ನು ಕಂಡು ಅವನ ಕಿವಿ ಬಿಸಿಯಾಯಿತು.

'ಅವರು ಬರಲಿ' ಎಂದ.

'ಅವರ ಹೇಳಿಕೆ ಬೇರೆ, ನಿಮ್ಮದು ಬೇರೆ ಮೇಷ್ಟ್ರೇ.'

'ಬರಲಿ.'

ಟಕ್ಕು. ನಿಶ್ಶಬ್ದ. ಕಾಲೆಳೆದ ಸದ್ದು. ಬರೆಯುವವನು ಪೆನ್ನಿನಿಂದ ಮೇಜು ಕುಟ್ಟತೊಡಗಿ, ಅವನ ಮುಖ ನೋಡಿ, ನಿಲ್ಲಿಸಿದ. ನಾಲ್ಕನೆಯ ಮೆಟ್ಟಿಲಲ್ಲಿ ಸದ್ದು ಬಹಳ ಹೊತ್ತು ನಿಂತುಹೋಯಿತು. ತಿರುಗಿ ನೋಡಬೇಕೆನ್ನಿಸಿತು. ಬೇಡ ಎಂದವಳ ಕಡೆ ತಿರುಗುವ ಹಕ್ಕು ತನಗಿಲ್ಲ ಎಂದು ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ ನಿಂತ. ಸದ್ದು ಮತ್ತೆ ಶುರುವಾಯಿತು. ಅವಳು ಬಾಗಿಲು ದಾಟಿ, ಏದುಸಿರು ಬಿಡುತ್ತ, ಅವನಿಗೆಂದು ಸರಿಸಿದ್ದ ಕುರ್ಚಿಯಲ್ಲಿ ಕೂತು, ಊರುಗೋಲುಗಳನ್ನು ಜೋಡಿಸಿ ಗೋಡೆಗೆ ಒರಗಿಸಿದಳು. ಅವನ ಕಡೆ ನೋಡಲಿಲ್ಲ.

'ಬರ್ಕೊಳ್ಳಿ' ಎಂದ ಅವನು. 'ಆವತ್ತು ಮಂಜಿತ್ತು. ನನ್ನ ಗಾಡಿಗೆ ಲೈಟ್ ಹಾಕಿರಲಿಲ್ಲ.'